ಶಸ್ತ್ರ ನಿರ್ಬಂಧ: ಉಲ್ಲಂಘಿಸಿದ ಕಂಪನಿಗೆ ಶಿಕ್ಷೆ ವಿಧಿಸುವವರು ಯಾರು?

ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾಕ್ಕೆ ಶಸ್ತ್ರಾಸ್ತ್ರ ಮಾರಕೂಡದೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1977ರ ನವೆಂಬರ್ 4ರಂದು 418ನೇ ನಿರ್ಣಯ ಅಂಗೀಕರಿಸಿತು. ಸದಸ್ಯ ರಾಷ್ಟ್ರಗಳಿಗೆ ಅದು ಕಡ್ಡಾಯ. ಆದರೆ ಮಂಡಳಿಗೆ ತನ್ನದೇ ಪೊಲೀಸರಿಲ್ಲ. ಕಂಪನಿಗಳನ್ನು ಕಟಕಟೆಗೆ ತರುವ ಹೊಣೆ ಆಯಾ ದೇಶದ ರಫ್ತು ಕಾನೂನು, ಕಸ್ಟಮ್ಸ್ ಹಾಗೂ ನ್ಯಾಯಾಲಯಗಳದ್ದು.

ಈ ವ್ಯವಸ್ಥೆ ಎಷ್ಟು ದುರ್ಬಲ ಎಂಬುದಕ್ಕೆ ಸ್ಪೇಸ್ ರಿಸರ್ಚ್ ಕಾರ್ಪೊರೇಷನ್ ಪ್ರಕರಣ ನಿದರ್ಶನ. ಅಮೆರಿಕ-ಕೆನಡಾ ಗಡಿಯ ಎರಡೂ ಬದಿಗೆ ಹರಡಿದ್ದ ಈ ಕಂಪನಿಯ ರೂವಾರಿ ಫಿರಂಗಿ ತಜ್ಞ ಜೆರಾಲ್ಡ್ ಬುಲ್. ಇದರ 155 ಮಿಲಿಮೀಟರ್ ಶೆಲ್‌ಗಳು ಕೆರಿಬಿಯನ್ ದ್ವೀಪವಾದ ಆಂಟಿಗುವಾದ ನೆಪದಲ್ಲಿ ಹಡಗೇರಿ ದಕ್ಷಿಣ ಆಫ್ರಿಕಾ ಸೇರಿದವು. ಕಾಗದಪತ್ರದಲ್ಲಿ ಖರೀದಿದಾರನ ಹೆಸರು ಸರಿಯಿದ್ದರೆ ಸಾಕು, ಅಷ್ಟು ಪುಟ್ಟ ದ್ವೀಪಕ್ಕೆ ಇಷ್ಟೊಂದು ಶೆಲ್ ಏಕೆಂಬ ಸರಳ ಪ್ರಶ್ನೆಯೂ ಸಾಗಣೆಯನ್ನು ತಡೆಯಲಿಲ್ಲ! 1978ರಲ್ಲಿ ಪತ್ರಕರ್ತರು ಬೆನ್ನು ಹತ್ತಿದಾಗ ಗುಟ್ಟು ಬಯಲಾಯಿತು.

1980ರಲ್ಲಿ ಬುಲ್ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಅವರು ಸೆರೆಯಲ್ಲಿದ್ದುದು ಆರು ತಿಂಗಳಿಗೂ ಕಡಿಮೆ. ಕೆನಡಾದಲ್ಲಿ ಕಂಪನಿಗೆ ದಂಡ ಬಿತ್ತು. ಅಷ್ಟರಲ್ಲಿ ತಂತ್ರಜ್ಞಾನ ಕೈದಾಟಿತ್ತು. ಅದರ ನೆರವಿನಿಂದ ರೂಪುಗೊಂಡ ಜಿ-5 ಫಿರಂಗಿಯನ್ನು ದಕ್ಷಿಣ ಆಫ್ರಿಕಾದ ಸೇನೆ 1987ರಲ್ಲಿ ಅಂಗೋಲಾದ ರಣರಂಗದಲ್ಲಿ ಬಳಸಿತು. ನಿರ್ಬಂಧ ತೆರವಾದದ್ದು 1994ರ ಮೇ ತಿಂಗಳಲ್ಲಿ.