ವಜೀಫಾ ನಿಂತಾಗ ಕೇಳಬೇಕಾದ ಲೆಕ್ಕ

ನಮ್ಮ ಮನೆಯಲ್ಲಿ ವಿದ್ಯಾರ್ಥಿವೇತನಕ್ಕೆ ‘ವಜೀಫಾ’ ಎನ್ನುತ್ತಾರೆ. ನಾನು ಮೂರನೇ ತರಗತಿಯಲ್ಲಿದ್ದಾಗ ವರ್ಷಕ್ಕೆ ಒಂದು ಸಾವಿರ ರೂಪಾಯಿ ಬಂದಿತ್ತು. ಅಮ್ಮಿ ಅದರಲ್ಲಿ ಬ್ಯಾಗ್, ನೋಟ್‌ಬುಕ್, ಮಳೆಗಾಲಕ್ಕೆ ಚಪ್ಪಲಿ ತಂದಿದ್ದರು. ಈಗ ಏಳನೇ ತರಗತಿಯಲ್ಲಿರುವ ನನ್ನ ತಮ್ಮನಿಗೆ ಕೇಂದ್ರದ ಆ ಯೋಜನೆ ಇಲ್ಲ. ಏಕಿಲ್ಲ ಎಂಬುದನ್ನು ನಮ್ಮ ಅರ್ಥಶಾಸ್ತ್ರದ ಬಜೆಟ್ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು ತಿಳಿಯಲು ಪ್ರಯತ್ನಿಸಿದೆ.

ಮುಸ್ಲಿಮರ ಶೈಕ್ಷಣಿಕ ಸ್ಥಿತಿಯ ಬಗ್ಗೆ ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟಿತು. 2008ರಲ್ಲಿ ಅಲ್ಪಸಂಖ್ಯಾತರಿಗಾಗಿ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಬಂತು. 1ರಿಂದ 10ನೇ ತರಗತಿವರೆಗೆ, ಪೋಷಕರ ವಾರ್ಷಿಕ ಆದಾಯ ಒಂದು ಲಕ್ಷ ಮೀರದ ಮಕ್ಕಳಿಗೆ ಇದು ಸಿಗುತ್ತಿತ್ತು. ಇದರಲ್ಲಿ ಶೇ. 30ರಷ್ಟು ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತಗೊಳಿಸಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 8ನೇ ತರಗತಿವರೆಗೆ ಶಿಕ್ಷಣ ಉಚಿತ, ಇತರ ಇಲಾಖೆಗಳೂ 9, 10ಕ್ಕೆ ಮಾತ್ರ ಕೊಡುತ್ತಿವೆ ಎಂಬುದು ಸರ್ಕಾರದ ಕಾರಣ.

ಆದರೆ ನನಗೆ ಬಂದ ಸಾವಿರ ರೂಪಾಯಿ ಶುಲ್ಕದ ಹಣವಲ್ಲ, ನಿರ್ವಹಣಾ ಭತ್ಯೆ. ತಿಂಗಳಿಗೆ ನೂರರಂತೆ ಹತ್ತು ತಿಂಗಳಿಗೆ ಸಾವಿರ. ಶಾಲೆ ಉಚಿತವಾದರೂ ಚಪ್ಪಲಿ ಉಚಿತವಲ್ಲ.

ಮರು ತಿಂಗಳೇ ಇನ್ನೊಂದು ಸುದ್ದಿ ಬಂತು. ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು 2022-23ರಿಂದ ನಿಲ್ಲಿಸಲಾಗಿದೆ ಎಂದು ಸಚಿವೆ ಸ್ಮೃತಿ ಇರಾನಿ ಡಿಸೆಂಬರ್ 8ರಂದು ಲೋಕಸಭೆಗೆ ತಿಳಿಸಿದರು. ಕೇರಳದ ಸಂಸದ ಟಿ.ಎನ್. ಪ್ರತಾಪನ್ ಕೇಳಿದ ಪ್ರಶ್ನೆಗೆ ಬಂದ ಉತ್ತರ ಅದು. 2014-15ರಿಂದ 2021-22ರವರೆಗೆ 6,722 ಮಂದಿ ಆಯ್ಕೆಯಾಗಿದ್ದರು ಎಂಬ ಲೆಕ್ಕವೂ ಅದೇ ಉತ್ತರದಲ್ಲಿತ್ತು. ಬೇರೆ ಯೋಜನೆಗಳ ಜೊತೆ ಇದು ಅತಿವ್ಯಾಪ್ತಿಯಾಗುತ್ತದೆ ಎಂದು ಸರ್ಕಾರ ಹೇಳಿತು. ಒಬ್ಬರು ಒಂದೇ ಸಮಯದಲ್ಲಿ ಎರಡು ಫೆಲೋಶಿಪ್ ಪಡೆಯಲು ಹೇಗೂ ಅವಕಾಶವಿಲ್ಲ ಎಂದು ವಿದ್ಯಾರ್ಥಿಗಳು ವಾದಿಸಿದರು. ಹಲವು ವಿದ್ಯಾರ್ಥಿ ಸಂಘಟನೆಗಳು ದೆಹಲಿಯ ಶಿಕ್ಷಣ ಸಚಿವಾಲಯದ ಮುಂದೆ ಪ್ರತಿಭಟಿಸಿದವು. ಪೊಲೀಸರು ಅನೇಕರನ್ನು ವಶಕ್ಕೆ ಪಡೆದರು. ನಿರ್ಧಾರ ಮಾತ್ರ ಬದಲಾಗಲಿಲ್ಲ.

ಈಗ ನಮ್ಮ ಕಾಮರ್ಸ್‌ನವರ ಕೆಲಸ. ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯಕ್ಕೆ 2022-23ರ ಬಜೆಟ್ ಅಂದಾಜು 5,020.50 ಕೋಟಿ ರೂಪಾಯಿ. 2023-24ರಲ್ಲಿ ಅದು 3,097.60 ಕೋಟಿ. ಅಂದರೆ ಶೇ. 38ರಷ್ಟು ಇಳಿಕೆ. ಆದರೆ 2022-23ರ ಪರಿಷ್ಕೃತ ಅಂದಾಜು 2,612.66 ಕೋಟಿ ಮಾತ್ರ. ಅದಕ್ಕೆ ಹೋಲಿಸಿದರೆ ಇದೇ 3,097 ಕೋಟಿ ಏರಿಕೆಯಾಗಿ ಕಾಣುತ್ತದೆ! ಆದ್ದರಿಂದ ಯಾರಾದರೂ ‘ಕಡಿತ’ ಅಥವಾ ‘ಹೆಚ್ಚಳ’ ಎಂದಾಗ, ಯಾವ ಅಂಕಿಗೆ ಹೋಲಿಸಿದ್ದು ಎಂದು ಮೊದಲು ಕೇಳಬೇಕು.

ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 1,425 ಕೋಟಿಯಿಂದ 433 ಕೋಟಿಗೆ ಇಳಿಯಿತು. ಮೆಟ್ರಿಕ್ ನಂತರದ್ದು 515ರಿಂದ 1,065 ಕೋಟಿಗೆ ಏರಿತು. ಪಿಯುಸಿಯವರಾದ ನಮಗೆ ಸಂಬಂಧಿಸಿದ್ದು ಈ ಎರಡನೆಯದು. ಹಾಗಂತ ನಾವು ಸುಮ್ಮನಿರಬಹುದೇ? ಏಳನೇ ತರಗತಿಯಲ್ಲಿ ಶಾಲೆ ಬಿಟ್ಟವನು ಪಿಯುಸಿಗೆ ಅರ್ಜಿ ಹಾಕಲು ಬರುವುದಿಲ್ಲ.

2023ರ ಜುಲೈನ ರಾಜ್ಯ ಬಜೆಟ್‌ನಲ್ಲಿ, ಕೇಂದ್ರ ನಿಲ್ಲಿಸಿದ ಈ ವಿದ್ಯಾರ್ಥಿವೇತನವನ್ನು 1ರಿಂದ 8ನೇ ತರಗತಿಯವರಿಗೆ ರಾಜ್ಯದಿಂದಲೇ ಕೊಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಘೋಷಣೆ ಬೇರೆ, ಖಾತೆಗೆ ಹಣ ಬೀಳುವುದು ಬೇರೆ. ಎರಡರ ನಡುವೆ ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ, ಕೊನೆಯ ದಿನಾಂಕ ಎಲ್ಲ ಇವೆ.

ಪ್ರತಿಭಟನೆ ಎಂದರೆ ಘೋಷಣೆ ಕೂಗುವುದು ಮಾತ್ರ ಎಂದು ನಾನು ಅಂದುಕೊಂಡಿದ್ದೆ. ಫೆಲೋಶಿಪ್ ನಿಂತದ್ದನ್ನು ಲೋಕಸಭೆಯಲ್ಲಿ ಸರ್ಕಾರದ ಬಾಯಿಂದ ಹೇಳಿಸಿದ್ದು ಒಂದು ಲಿಖಿತ ಪ್ರಶ್ನೆ. ನಾವೂ ನಮ್ಮ ಸಂಸದರಿಗೆ ಪತ್ರ ಬರೆಯಬಹುದು. ಅಬ್ಬಾ, ಅಮ್ಮಿಯವರ ಹೆಸರಿನಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಅದಕ್ಕೂ ಮೊದಲು, ನಿಮ್ಮ ಬೀದಿಯಲ್ಲಿ ಓದುತ್ತಿರುವ ಒಬ್ಬ ತಮ್ಮ ಅಥವಾ ತಂಗಿಯ ಅರ್ಜಿ ತುಂಬಿಕೊಡಿ. ಈ ಭಾನುವಾರ ನಾನು ಶುರು ಮಾಡುವುದೂ ನಮ್ಮ ಮನೆಯಿಂದಲೇ.