ಆದವಾನಿಯ ‘ಕ’ ಮತ್ತು ಕಂಪ್ಯೂಟರಿನ ಕಮ್ಮಟ

ಗಡಿನಾಡು ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು 1956ರ ನವೆಂಬರ್ 1 ಮತ್ತು ಚಂದ್ರಗಿರಿ ಹೊಳೆ. ಆದರೆ ನಮಗಿಂತ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದುವು. ಆದವಾನಿ, ಆಲೂರುಗಳು ಇಂದು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ. ಹತ್ತಿಯ ಮಾರುಕಟ್ಟೆಗೆ ಹೆಸರಾದ ಆ ಸೀಮೆಯಲ್ಲೂ ಕನ್ನಡ ಮಾಧ್ಯಮದ ಮಕ್ಕಳಿದ್ದಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕಂಪ್ಯೂಟರಿನ ಮುಂದೆ ಕುಳಿತರೆ ಇಂಗ್ಲಿಷ್. ತೆಲುಗಿನ ಜಾಗದಲ್ಲಿ ಮಲಯಾಳ ಎಂದು ಓದಿಕೊಂಡರೆ ಇದು ನಮ್ಮ ಕಥೆಯೇ.

ಈ ಮಕ್ಕಳಿಗೂ ಕಂಪೈಲರಿಗೂ ಏನು ಸಂಬಂಧ ಎಂದು ಕೇಳಬಹುದು. ಮನುಷ್ಯನಿಗೆ ಓದಲು ಬರುವಂತೆ ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ಅಂಕಿಗಳ ಕಡತವಾಗಿ ಮಾರ್ಪಡಿಸುವುದು ಕಂಪೈಲರಿನ ಕೆಲಸ. ಆ ಕಡತಗಳನ್ನು ಜೋಡಿಸಲು, ಬಿಚ್ಚಿ ನೋಡಲು ‘ಬಿನ್‌ಯುಟಿಲ್ಸ್’ ಎಂಬ ಉಪಕರಣಗಳ ಕಟ್ಟು ಬೇರೆ ಇದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ‘ಗ್ನು’ ಯೋಜನೆಯ ಫಲವಾಗಿ 1987ರಲ್ಲಿ ಜಿಸಿಸಿ ಎಂಬ ಕಂಪೈಲರ್ ಹೊರಬಂತು. ಕಾಸಿಲ್ಲ, ಒಳಗನ್ನು ನೋಡಬಹುದು, ತಿದ್ದಬಹುದು, ಹಂಚಬಹುದು. ಕೇರಳದ ಹೈಯರ್ ಸೆಕೆಂಡರಿಯ ಮಕ್ಕಳು ಸಿ ಪ್ಲಸ್ ಪ್ಲಸ್ ಕಲಿತದ್ದೂ ಇದರಲ್ಲೇ.

ಇದನ್ನು ಕಟ್ಟುವ ರೀತಿ ನಮ್ಮ ಅಡುಗೆಮನೆಗೆ ಹೊಸದಲ್ಲ. ಮೊಸರಾಗಲು ನಿನ್ನೆಯ ಮಜ್ಜಿಗೆಯ ಹೆಪ್ಪು ಬೇಕು. ಕಂಪೈಲರ್ ಕಟ್ಟಲು ಈಗಾಗಲೇ ಇರುವ ಇನ್ನೊಂದು ಕಂಪೈಲರ್ ಬೇಕು. ಹಳೆಯದರಿಂದ ಮೊದಲನೆಯದು, ಮೊದಲನೆಯದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು. ಕೊನೆಯ ಎರಡನ್ನೂ ಹೋಲಿಸಿ, ಒಂದೇ ಆಗಿದ್ದರೆ ಸರಿ. ಅಲ್ಲವಾದರೆ ಎಲ್ಲೋ ಹುಳುಕಿದೆ.

ಇನ್ನು ಆದವಾನಿಯ ‘ಕ’. ಕಡತದೊಳಗೆ ಕನ್ನಡದ ‘ಕ’ 224, 178, 149 ಎಂಬ ಮೂರು ಅಂಕಿಗಳಾಗಿ ಕುಳಿತಿರುತ್ತದೆ. ತೆಲುಗಿನ ‘ಕ’ 224, 176, 149. ನಡುವಿನದು ಎರಡು ಕಡಿಮೆ, ಅಷ್ಟೇ! 1988ರ ಇಸ್ಕಿ ಎಂಬ ಭಾರತೀಯ ಸಂಕೇತಕ್ರಮವನ್ನು ಆಧರಿಸಿ ಯುನಿಕೋಡ್‌ನವರು ಎರಡೂ ಲಿಪಿಗಳನ್ನು ಒಂದೇ ಅನುಕ್ರಮದಲ್ಲಿ ಅಕ್ಕಪಕ್ಕ ಇಟ್ಟರು. ಆದ್ದರಿಂದ ತೆಲುಗು ಕಡತ ಓದುತ್ತ ಹೋಗಿ, 224ರ ಬೆನ್ನಿಗೆ 176 ಅಥವಾ 177 ಬಂದಲ್ಲಿ ಎರಡು ಕೂಡಿಸುವ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂ ಬರೆದರೆ, ತೆಲುಗಿನ ಊರ ಹೆಸರುಗಳು ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿ ಬರುತ್ತವೆ. ತೆಲುಗಿಗೇ ವಿಶಿಷ್ಟವಾದ ಒಂದೆರಡು ಅಕ್ಷರಗಳು ಮಾತ್ರ ಕೈಕೊಡುತ್ತವೆ. ಎರಡು ಲಿಪಿಗಳ ನಡುವೆ ಬೆಳೆವ ಮಗುವಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ತೋಚುವುದಿಲ್ಲ. ಮಲಯಾಳಕ್ಕೂ ಜಾಗ ಪಕ್ಕದಲ್ಲೇ ಇದೆ. ನಮ್ಮ ಮಾಸ್ತರರು ಪ್ರಯತ್ನಿಸಿ ನೋಡಬಹುದು.

ಈ ಉಪಕರಣಗಳು ಕನ್ನಡವನ್ನು ಒಪ್ಪಿಕೊಳ್ಳಲು ಕಾಲ ಹಿಡಿಯಿತು. ಜಿಸಿಸಿಯಲ್ಲಿ ‘ಹತ್ತಿ_ದರ’ ಎಂದು ಕನ್ನಡದಲ್ಲೇ ನೇರ ಹೆಸರಿಡಲು ಸಾಧ್ಯವಾದದ್ದು 2020ರ ಹತ್ತನೆಯ ಆವೃತ್ತಿಯಿಂದ. ಬೈನರಿ ಕಡತದೊಳಗಿನ ಮಾತುಗಳನ್ನು ಹೆಕ್ಕಿ ತೋರಿಸುವ ‘ಸ್ಟ್ರಿಂಗ್ಸ್’ ಎಂಬ ಉಪಕರಣ ತಾನಾಗಿ ಕಾಣುವುದು ಇಂಗ್ಲಿಷ್ ಅಕ್ಷರಗಳನ್ನಷ್ಟೆ. ಯುನಿಕೋಡ್ ಅಕ್ಷರಗಳನ್ನು ಹೇಗೆ ತೋರಿಸಬೇಕೆಂದು ನಾವೇ ಹೇಳುವ ಅನುಕೂಲ ಬಂದದ್ದು 2022ರ 2.38ನೆಯ ಆವೃತ್ತಿಯಲ್ಲಿ. ಅದೂ ನಮ್ಮ ಮೇಲಿನ ಮಮತೆಯಿಂದಲ್ಲ. ಕಣ್ಣಿಗೆ ಕಾಣದ ಯುನಿಕೋಡ್ ಚಿಹ್ನೆಗಳಿಂದ ಪ್ರೋಗ್ರಾಮಿನಲ್ಲಿ ಮೋಸ ಅಡಗಿಸಬಹುದೆಂದು ಕೇಂಬ್ರಿಜ್‌ನ ಸಂಶೋಧಕರು 2021ರಲ್ಲಿ ತೋರಿಸಿದ್ದರು. ಹೊಲ ಕಾಯಲು ಹಚ್ಚಿದ ದೀಪ ನಮ್ಮ ಅಂಗಳಕ್ಕೂ ಬಿತ್ತು.

ಉಳಿದಿರುವ ಕೊರತೆ ದೊಡ್ಡದು. ಮಗು ತಪ್ಪು ಬರೆದಾಗ ಜಿಸಿಸಿ ಬೈಯುವುದು ಇಂಗ್ಲಿಷಿನಲ್ಲಿ. ಅದರ ಸೂಚನೆಗಳನ್ನು ಅನುವಾದಿಸಲು ಭಾಷೆಗೊಂದು ಕಡತವಿದೆ. ಮೇಲೆ ಮೂಲ, ಕೆಳಗೆ ಅನುವಾದ ಎಂಬಷ್ಟು ಸರಳ. ಜರ್ಮನ್, ಜಪಾನೀಗಳಿರಲಿ, ರುವಾಂಡಾ ದೇಶದ ಭಾಷೆಗೂ ಅಲ್ಲಿ ಕಡತವಿದೆ. ಕನ್ನಡಕ್ಕಿಲ್ಲ. ಫೈರ್‌ಫಾಕ್ಸ್‌ನಂಥ ತಂತ್ರಾಂಶಗಳನ್ನು ಕನ್ನಡಕ್ಕೆ ತಂದ ಉತ್ಸಾಹಿಗಳು ಇತ್ತ ತಲೆಹಾಕಿದಂತೆ ಕಾಣುವುದಿಲ್ಲ. ಮಕ್ಕಳಿಗೆ ನಿತ್ಯ ಎದುರಾಗುವ ಸೂಚನೆಗಳು ಇರುವುದು ನೂರರ ಲೆಕ್ಕದಲ್ಲಿ. ಅನುವಾದವಾಗದವು ತಾವಾಗಿ ಇಂಗ್ಲಿಷಿನಲ್ಲೇ ಬರುತ್ತವೆ. ಆದ್ದರಿಂದ ಎಲ್ಲವನ್ನೂ ಮುಗಿಸಿಯೇ ಕೊಡಬೇಕೆಂದಿಲ್ಲ.

ಆದರೆ ಇದು ಪಂಡಿತರ ಸಮಿತಿಯ ಕೈಗೆ ಹೋಗಬಾರದು. ‘ಅಘೋಷಿತ ಚರಾಂಶ’ ಎಂದು ಬರೆದರೆ ಆಲೂರಿನ ಹುಡುಗನಿಗೂ ಕುಂಬಳೆಯ ಹುಡುಗಿಗೂ ಇಂಗ್ಲಿಷೇ ವಾಸಿ ಎನಿಸೀತು. ‘ಹತ್ತಿ_ದರ ಎಂದರೇನೆಂದು ಮೊದಲು ಹೇಳಿಲ್ಲ’ ಎಂದರೆ ಸಾಕು. ಎರಡೂ ಗಡಿಗಳ ನಾಲ್ಕಾರು ಅಧ್ಯಾಪಕರು ಬೇಸಗೆ ರಜೆಯಲ್ಲಿ ಕುಳಿತರೆ ಮೊದಲ ನೂರು ಸೂಚನೆಗಳನ್ನು ಮುಗಿಸಬಹುದು. ಬೇಕಾದದ್ದು ಕನ್ನಡ ಟೈಪ್ ಮಾಡಲು ಬರುವ ಒಂದು ಕಂಪ್ಯೂಟರ್. ಅದು ಈಗ ನಮ್ಮ ಶಾಲೆಗಳಲ್ಲೇ ಇದೆ.