ಹಳೆಯ ಬಾಗಿಲಿಗೆ ಹೊಸ ಪಟ್ಟಿ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಅರಿಯದ ಗೃಹಸ್ಥರಿಲ್ಲ. ಅಜ್ಜನ ಕಾಲದಲ್ಲಿ ಕಟ್ಟಿದ ಮನೆಯನ್ನು ಮೊಮ್ಮಕ್ಕಳ ಕಾಲದಲ್ಲಿ ತಿದ್ದಿ ನೋಡಿದವರು ಈ ಗಾದೆಗೆ ಮೂರನೆಯದೊಂದು ಮಾತನ್ನು ಸೇರಿಸದೆ ಇರಲಾರರು. ಕೊಳ್ಳೇಗಾಲದ ನಮ್ಮ ತೊಟ್ಟಿಯ ಮನೆಯ ಜೀರ್ಣೋದ್ಧಾರದಲ್ಲಿ ನಾವು ಪಟ್ಟ ಶ್ರಮವನ್ನೂ ಅದರಿಂದ ಕಲಿತುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು. ಅಂತಹ ಮನೆಯುಳ್ಳವರಿಗೆ ಇದರಿಂದ ಅಲ್ಪ ಉಪಕಾರವಾದರೂ ನಾವು ಧನ್ಯರು.

ನಮ್ಮ ಸೀಮೆಯ ಹಳೆಯ ಮನೆಗಳ ಗೋಡೆ ಮಣ್ಣಿನದಾದರೂ ಮರಗೆಲಸ ಮಾತ್ರ ಅರಮನೆಗೆ ಒಪ್ಪುವಂಥದು. ಪಡಸಾಲೆಯ ಕಂಬ, ಅದರ ಮೇಲಣ ಬೋದಿಗೆ, ಜಂತೆ, ತೊಲೆ, ಬಾಗಿಲವಾಡ, ಇವೆಲ್ಲಕ್ಕೂ ಅಂಚುಗಟ್ಟಿದಂತೆ ಮಣಿಸಾಲು, ತಾವರೆಯೆಸಳು, ಹೆಣೆದ ಹಗ್ಗ ಮುಂತಾದ ಆಕಾರಗಳ ಪಟ್ಟಿಗಳನ್ನು ಹಿಂದಿನವರು ಕೂರಿಸುತ್ತಿದ್ದರು. ನಮ್ಮ ಪಡಸಾಲೆಯ ನಾಲ್ಕು ಬಾಗಿಲುಗಳಲ್ಲಿ ಎರಡರ ಪಟ್ಟಿಗಳನ್ನು ಗೆದ್ದಲು ಒಳಗಿನಿಂದಲೇ ತಿಂದು ಮುಗಿಸಿತ್ತು. ಹೊರಗೆ ಬಣ್ಣದ ತೊಗಟೆಯೊಂದು ಉಳಿದಿತ್ತು. ಬೆರಳಿನಿಂದ ಒತ್ತಿದರೆ ಮಣ್ಣು ಉದುರುತ್ತಿತ್ತು.

ಈ ಪಟ್ಟಿಗಳು ಕೇವಲ ಶೃಂಗಾರವೆಂದು ನಾವೂ ಮೊದಲು ಭಾವಿಸಿದ್ದೆವು. ವಿಚಾರಿಸಲಾಗಿ ತಿಳಿದುದೇ ಬೇರೆ. ಮರವು ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ. ಗಾರೆಯು ಹಾಗೆ ಮಾಡದು. ಆದುದರಿಂದ ಎರಡರ ನಡುವೆ ಬಿರುಕು ಬಿಡುವುದು ಸಹಜವು. ಆ ಬಿರುಕನ್ನು ಮುಚ್ಚಿ, ನೀರು, ಧೂಳು, ಹುಳುಗಳನ್ನು ತಡೆಯುವುದೇ ಪಟ್ಟಿಯ ಮೊದಲ ಕೆಲಸ, ಅಂದವು ಆಮೇಲಿನದು. ಪಟ್ಟಿಯನ್ನು ಕಿತ್ತು ಸಿಮೆಂಟು ಮೆತ್ತಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಬಾಗಿಲವಾಡವೇ ಕೊಳೆಯತೊಡಗುತ್ತದೆ.

ಸರಿಯಾದ ಮಾದರಿಯನ್ನು ಅರಸುತ್ತ ಮೊದಲು ಯಳಂದೂರಿಗೆ ಹೋದೆವು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಊರದು. ಕೊಳ್ಳೇಗಾಲವಾದರೋ 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೂಗಳತೆಯ ಎರಡು ಊರುಗಳಿಗೆ ಎರಡು ಸರ್ಕಾರಗಳು! ಜಹಗೀರುದಾರರ ಬಂಗಲೆಯ ಮರಗೆಲಸವನ್ನು ನೋಡಿ ಹರ್ಷಪಟ್ಟೆವು. ಆದರೆ ನಮ್ಮ ಬಾಗಿಲಿನ ಅಂಚು ಅಲ್ಲಿರಲಿಲ್ಲ. ಅಲ್ಲಿಂದ ಗೌರೀಶ್ವರ ದೇವಸ್ಥಾನದ ಬಳೆ ಮಂಟಪಕ್ಕೆ ಬಂದು, ಕಲ್ಲಿನಲ್ಲೇ ಕಡೆದ ಬಳೆಗಳ ಸರಪಣಿಯನ್ನು ಮಕ್ಕಳಿಗೆ ತೋರಿಸಿದೆವು. “ಬಳೆಗಳನ್ನು ಬೇರೆ ಮಾಡಿ ಆಮೇಲೆ ಪೋಣಿಸಿದರೇ?” ಎಂದು ಕಿರಿಯವನು ಕೇಳಿದನು. “ಇಲ್ಲಪ್ಪ, ಆ ಕಲ್ಲಿನೊಳಗಿದ್ದುದನ್ನೇ ಬಿಡಿಸಿದ್ದಾರೆ” ಎಂದರು ನಮ್ಮ ಮಾತೃಶ್ರೀಯವರು. ಆ ಮಾತಿನ ಬೆಲೆ ನಮಗೆ ತಿಳಿದುದು ತಡವಾಗಿ.

ಬಳಿಕ ಅಂಗಡಿಗಳನ್ನು ಸುತ್ತಿದೆವು. ಯಂತ್ರದಲ್ಲಿ ಮಾಡಿದ ಪಟ್ಟಿಗಳು ಅಗ್ಗವಾಗಿಯೂ ನುಣುಪಾಗಿಯೂ ಇದ್ದವು. ಆದರೆ ಹಲವು ಪಟ್ಟಿಗಳು ಮರದ ಪುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದವು. ತೊಟ್ಟಿಯ ಎರಚಲು ಬಿದ್ದರೆ ಊದಿಕೊಳ್ಳತಕ್ಕವು. ನಿಜವಾದ ಮರದವುಗಳ ಗೆರೆಯೂ ನಮ್ಮ ಗೆರೆಗೆ ಕೂಡಲಿಲ್ಲ. ಎರಡು ಬಾಗಿಲಿಗೆ ಒಂದು ಬಗೆ, ಇನ್ನೆರಡಕ್ಕೆ ಇನ್ನೊಂದು ಬಗೆಯಾದರೆ ಪಡಸಾಲೆಯು ಎರವಲು ಒಡವೆ ತೊಟ್ಟ ಮದುಮಗಳಂತೆ ಕಂಡೀತು.

ಕಡೆಗೆ ಹಳೆಯ ಮರವನ್ನು ಮಾರುವ ಒಂದು ಮಂಡಿಗೆ ಹೋದೆವು. ತಮಿಳುನಾಡಿನ ಕಾರೈಕುಡಿಯಲ್ಲಿ ಕೆಡವಿದ ಚೆಟ್ಟಿನಾಡಿನ ಮನೆಗಳ ಬಾಗಿಲು ಕಂಬಗಳನ್ನು ಮಾರುವ ಅಂಗಡಿಗಳ ಬೀದಿಯೇ ಉಂಟು. ಇಂತಹ ವ್ಯಾಪಾರವು ಈಗ ನಮ್ಮ ಕಡೆಯಲ್ಲಿಯೂ ನಡೆಯುತ್ತಿದೆ. ಅಲ್ಲಿ ನಮ್ಮದಕ್ಕೆ ಬಹುಮಟ್ಟಿಗೆ ಹೋಲುವ ಬಾಗಿಲವಾಡವೊಂದು ಗೋಡೆಗೆ ಒರಗಿತ್ತು. ಬೆಲೆಯೂ ಕುದುರಿತು. ಮುಂಗಡ ಕೊಡಲು ಕೈಚೀಲವನ್ನು ತೆಗೆಯುವಷ್ಟರಲ್ಲಿ ಮಾತೃಶ್ರೀಯವರು ಬಾಗಿ ಹೊಸಿಲನ್ನು ಮುಟ್ಟಿದರು. ಅದರ ಮೇಲೆ ಅರಿಸಿನ ಕುಂಕುಮಗಳ ಗುರುತು ಇನ್ನೂ ಮಾಸಿರಲಿಲ್ಲ.

“ಯಾರ ಮನೆಯ ಹೊಸಿಲಪ್ಪ ಇದು? ಆ ಮನೆಯವಳು ಈಗ ಯಾವ ಬಾಗಿಲಿಗೆ ಅರಿಸಿನ ಹಚ್ಚುತ್ತಾಳೆ?” ಎಂದು ಕೇಳಿದರು. ಮಾರುವವನಿಗೆ ಉತ್ತರ ತಿಳಿದಿರಲಿಲ್ಲ, ನಮಗೂ ಇರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆವು.

ತಾನಾಗಿ ಬಿದ್ದ ಮನೆಯ ಮರವನ್ನು ಕೊಂಡು ಉಳಿಸುವುದು ಪುಣ್ಯವೇ, ಅದನ್ನು ನಾವು ಅಲ್ಲಗಳೆಯೆವು. ಆದರೆ ಕೊಳ್ಳುವವರು ಹೆಚ್ಚಿದಷ್ಟೂ, ನಿಂತಿರುವ ಮನೆಗಳನ್ನು ಬಾಗಿಲಿನ ಆಸೆಗಾಗಿಯೇ ಬಿಚ್ಚುವವರೂ ಹೆಚ್ಚುವರು. ಒಂದು ಮನೆಯನ್ನು ಉಳಿಸಲು ಇನ್ನೊಂದನ್ನು ಕೆಡವುವುದು ಜೀರ್ಣೋದ್ಧಾರವೆನಿಸದು.

ಈಚೆಗೆ ತಾಲ್ಲೂಕಾದ ಹನೂರಿನ ಕಡೆ ಹಿಂದೆ ಗಾಡಿಗಳನ್ನೂ ನೇಗಿಲುಗಳನ್ನೂ ಮಾಡುತ್ತಿದ್ದ ವೃದ್ಧ ಆಚಾರರೊಬ್ಬರು ಇರುವರೆಂದು ಕೇಳಿ ಅವರಲ್ಲಿಗೆ ಹೋದೆವು. “ಅಂಗಡಿಯಲ್ಲಿ ಹುಡುಕಬೇಡಿ, ಸ್ವಾಮಿ. ಗೆದ್ದಲು ತಿನ್ನದ ಒಂದು ಗೇಣು ಪಟ್ಟಿ ಉಳಿದಿದ್ದರೆ ಅದನ್ನೇ ತನ್ನಿ” ಎಂದರು ಅವರು. ಆ ತುಂಡಿನ ಅಡ್ಡ ಕೊಯ್ತವನ್ನು ರಟ್ಟಿನ ಮೇಲೆ ಗೆರೆಯೆಳೆದು, ಅದಕ್ಕೆ ಸರಿಯಾಗಿ ಹಳೆಯ ಹತ್ತರಿಯೊಂದರ ಅಲಗನ್ನು ಅರದಿಂದ ಉಜ್ಜಿ, ನಾಲ್ಕು ದಿನಗಳಲ್ಲಿ ಆಕಾರಕ್ಕೆ ತಂದರು. ಅಲಗು ಸಿದ್ಧವಾದ ಮೇಲೆ ಎಷ್ಟು ಮಾರು ಪಟ್ಟಿಯಾದರೂ ಒಂದೇ ಸಮನಾಗಿ ಬರುತ್ತದೆ. ಎಸಳುಗಳನ್ನು ಮಾತ್ರ ಉಳಿಯಿಂದ ಒಂದೊಂದಾಗಿ ಬಿಡಿಸಬೇಕು.

ಇನ್ನು ಮರದ ಮಾತು. ಸುತ್ತಲೂ ಕಾಡಿರುವಾಗ ಮರಕ್ಕೇನು ಬರವೆಂದು ಕೆಲವರು ಹೇಳಿದರು. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಲೆಕ್ಕವಿಲ್ಲದೆ ಬಂದ ಮರವನ್ನು ಮನೆಗೆ ಸೇರಿಸಕೂಡದು. ಬೀಟೆ, ತೇಗ, ಹೊನ್ನೆಗಳನ್ನು ಕೊಳ್ಳುವ ಮುನ್ನ ರಸೀತಿಯನ್ನೂ ಅರಣ್ಯ ಇಲಾಖೆಯ ನಿಯಮವನ್ನೂ ವಿಚಾರಿಸತಕ್ಕದ್ದು. ನಮಗಾದರೋ ಹಿತ್ತಿಲ ಕೊಟ್ಟಿಗೆಯಲ್ಲಿ ಮುರಿದುಬಿದ್ದಿದ್ದ ಹೊನ್ನೆಯ ತೊಲೆಯೊಂದು ಸಾಕಾಯಿತು. ಹತ್ತಾರು ವರ್ಷ ಒಣಗಿದ ಮರವು ಇನ್ನು ಸೊಟ್ಟಗಾಗುವ ಭಯ ಕಡಿಮೆ. ಹಸಿಮರವನ್ನು ಬಳಸುವವರು ಅಂಗುಲ ದಪ್ಪಕ್ಕೆ ಒಂದು ವರ್ಷದಂತೆ ನೆರಳಿನಲ್ಲಿ ಒಣಗಿಸಬೇಕೆಂಬುದು ಬಡಗಿಗಳ ಲೆಕ್ಕ.

ಗೃಹಿಣಿಯರಿಗೆ ಮೂರು ಎಚ್ಚರಿಕೆಯ ಮಾತುಗಳನ್ನು ಹೇಳುವುದು ಅವಶ್ಯವು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ. ಆದುದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜದೆ ಒದ್ದೆಮಾಡಿ ತೆಗೆಯಿಸಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಬೇಕು. ಎರಡನೆಯದು, ಗೆದ್ದಲಿನ ಹಾದಿಯನ್ನು ನೆಲದಲ್ಲಿಯೇ ಕಡಿಯದೆ ಹೊಸ ಪಟ್ಟಿ ಕೂರಿಸಿದರೆ ಅದಕ್ಕೆ ಹೊಸ ಊಟ ಬಡಿಸಿದಂತಾಗುವುದು. ಮೂರನೆಯದು, ಅಗಸೆಯೆಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಹರವಿ ಒಣಗಿಸಬೇಕು.

ಕೆಲಸ ಮುಗಿಯಲು ಎರಡು ತಿಂಗಳು ಹಿಡಿಯಿತು. ಖರ್ಚು ಅಂಗಡಿಯ ಪಟ್ಟಿಗಿಂತ ಹೆಚ್ಚೇ ಆಯಿತೆಂಬುದನ್ನು ಮರೆಮಾಚುವುದಿಲ್ಲ. ಆದರೆ ಆ ಹಣವು ಒಂದು ಕೈಗೆ ಕೆಲಸ ಕೊಟ್ಟಿತು. ಆಚಾರರ ಮೊಮ್ಮಗನು ಅಲಗನ್ನು ಉಜ್ಜುವುದನ್ನು ಪಕ್ಕದಲ್ಲಿ ಕುಳಿತು ಕಲಿತನು. ಮಾದರಿಯು ಮನೆಯೊಳಗೇ ಇತ್ತು, ಮರವೂ ಮನೆಯೊಳಗೇ ಇತ್ತು. ಹುಡುಕಬೇಕಾಗಿದ್ದುದು ಬಲ್ಲ ಕೈಯೊಂದನ್ನು ಮಾತ್ರ.

ಹಳೆಯ ಪಟ್ಟಿಯನ್ನು ಕಿತ್ತಾಗ ಅದರ ಹಿಂಬದಿಯಲ್ಲಿ ಉಳಿಯಿಂದ ಕೊರೆದ ಒಂದು, ಎರಡು, ಮೂರು ಗೀರುಗಳು ಕಂಡವು. ಯಾವ ತುಂಡು ಎಲ್ಲಿ ಕೂರಬೇಕೆಂದು ಅಂದಿನ ಬಡಗಿ ಇಟ್ಟ ಗುರುತವು. ನಮ್ಮ ಆಚಾರರೂ ಹೊಸ ಪಟ್ಟಿಯ ಬೆನ್ನಿಗೆ ಹಾಗೆಯೇ ಗೀರು ಹಾಕಿ, ಮುಂದಿನವರು ಹಳೆಯದೆಂದು ಮೋಸಹೋಗಬಾರದೆಂದು ಇಸವಿಯನ್ನೂ ಕೊರೆದರು. ಮರುದಿನ ಬೆಳಗ್ಗೆ ಮಾತೃಶ್ರೀಯವರು ಎಂದಿನಂತೆ ಹೊಸಿಲನ್ನು ಸಾರಿಸಿ ಅರಿಸಿನ ಹಚ್ಚಿದರು.